ಒಂದು ಬೆರಳಿನಷ್ಟು ಎತ್ತರ

ನಮ್ಮ ಕಾಕಾನಿಗೂ ಭೂಮಿಯ ಗುರುತ್ವಾಕರ್ಷಣೆಗೂ ಹಳೆಯ ದ್ವೇಷವೇನೂ ಇರಲಿಲ್ಲ. ಎಪ್ಪತ್ತು ವರ್ಷ ಇಬ್ಬರೂ ಹೊಂದಿಕೊಂಡೇ ಇದ್ದರು. ಹೋದ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ, ಮನುಷ್ಯನ ಮೈಗೆ ವಿದ್ಯುತ್ ತುಂಬಿ ಗಾಳಿಯಲ್ಲಿ ತೇಲಿಸಬೇಕೆಂದು ಅವರು ಹಟ ಹಿಡಿದರು ನೋಡಿ, ಪುಣೆಯಲ್ಲಿರುವ ನಮ್ಮ ಬಂಧುಬಳಗವೆಲ್ಲ ನನ್ನ ಕಡೆ ತಿರುಗಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪಾಪಿ ನಾನೊಬ್ಬನೇ ಅಲ್ಲವೇ?

ಹುಚ್ಚಿಗೆ ಆಧಾರವಿತ್ತು ಅನ್ನಿ. ಕಾಕಾ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಕಾರಿನ ಬಿಡಿಭಾಗಗಳಿಗೆ ಪುಡಿಬಣ್ಣ ಹೊಡೆದು ನಿವೃತ್ತರಾದವರು. ವಿದ್ಯುತ್ ಹೊತ್ತ ಬಣ್ಣದ ಪುಡಿ ತಾನಾಗಿ ಹಾರಿ, ತೂಗುಹಾಕಿದ ಕಬ್ಬಿಣದ ಹಿಂಬದಿಗೂ ಸುತ್ತಿಕೊಂಡು ಅಂಟುವುದನ್ನು ದಿನವೂ ಕಂಡವರು.

"ಪುಡಿ ಹಾರ್ತದ, ಮನಶ್ಯಾ ಯಾಕ ಹಾರಂಗಿಲ್ಲ?" ಎಂದು ಕೇಳಿದರು.

"ಪುಡಿಗೆ ತೂಕ ಎಲ್ಲದರಿ ಕಾಕಾ?"

"ನಿಮ್ಮ ಕಾಕೂಗರೆ ತೂಕ ಎಲ್ಲಿ ಉಳದದ?"

ಕಾಕು, ಅಂದರೆ ಕಾಕಾನ ಹೆಂಡತಿ, ಒಳಕೋಣೆಯಲ್ಲಿ ಮಲಗಿದ್ದರು. ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಬೆನ್ನ ತುಂಬ ಹುಣ್ಣು. ಮಗ್ಗುಲು ಬದಲಿಸಿದರೂ ನೋವು, ಬದಲಿಸದಿದ್ದರೂ ನೋವು.

ಪ್ರಯೋಗಗಳು ಶುರುವಾದವು. ಮೊದಲ ಬಲಿ ಕಾಕಾನೇ. ಉಣ್ಣೆಯ ಸ್ವೆಟರು ತೊಟ್ಟು, ತೂಕದ ಯಂತ್ರದ ಮೇಲೆ ನಿಂತು, ಮೈಯೆಲ್ಲ ಬಲೂನು ತಿಕ್ಕಿಕೊಂಡರು. "ಮುಳ್ಳು ಇಳೀತು, ಇಳೀತು" ಎಂದರು. ಎಷ್ಟು ಇಳಿಯಿತೆಂದು ಬಗ್ಗಿ ನೋಡಲು ಹೊಟ್ಟೆ ಅಡ್ಡ ಬಂತು. ಇನ್ನೊಂದು ಬೆಳಿಗ್ಗೆ ಹಾಲಿನವನು ಪೊಟ್ಟಣ ಕೊಡಲು ಕೈ ಚಾಚಿ ಚಟ್ಟೆಂದು ಕಿಡಿ ತಗುಲಿಸಿಕೊಂಡ. "ಕಾಕಾ, ಶಾಕ್ ಲಾಗಲಾ ನಾ!" ಎಂದು ಮರಾಠಿಯಲ್ಲಿ ಚೀರಿ ಅವನು ಹಾರಿದರೆ ಕಾಕಾನಿಗೆ ಪ್ರಶಸ್ತಿ ಬಂದಷ್ಟು ಹಿಗ್ಗು. ಮರುದಿನದಿಂದ ಅವನು ಹಾಲನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಓಡತೊಡಗಿದ.

ಆಮೇಲೆ ಕಾಕುವಿನ ಸರದಿ. ಪ್ಲಾಸ್ಟಿಕ್ ಬಾಚಣಿಗೆಯಿಂದ ಕಾಕಾ ಮೆಲ್ಲಗೆ ತಲೆ ಬಾಚಿದರು. ಒಣ ಚಳಿಗೆ ಬಿಳಿಯ ಕೂದಲು ಬಾಚಣಿಗೆಯ ಹಿಂದೆ ಎದ್ದೆದ್ದು ನಿಂತಿತು.

"ನೋಡು, ಏಳಾಕತ್ತಾಳ. ಮದಲ ಕೂದಲ, ಆಮ್ಯಾಲೆ ಉಳದದ್ದು."

ಕಾಕು ಅರ್ಧ ಬಾಯಲ್ಲಿ ನಕ್ಕರು. ನನಗೆ ಅಳು ಬಂತು.

ಇನ್ನು ತಡೆಯಲಾರದೆ ನಾನು ಮೇಷ್ಟರಾದೆ. ಮನುಷ್ಯನನ್ನು ಎತ್ತುವಷ್ಟು ವಿದ್ಯುತ್ ತುಂಬುವ ಮೊದಲೇ ಸುತ್ತಲಿನ ಗಾಳಿ ಸೋತುಬಿಡುತ್ತದೆ, ಕಿಡಿ ಸಿಡಿದು ಎಲ್ಲ ಸೋರಿಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಕಾಕಾ ಸಂತೆಯಲ್ಲಿ ಕಾಯಿಪಲ್ಲೆಗೆ ಇಳಿಯುವಂತೆ ಚೌಕಾಸಿಗೆ ಇಳಿದರು.

"ಪೂರಾ ಹಾರಸೋದು ಬ್ಯಾಡೋ. ಒಂದು ಬೆರಳಿನಷ್ಟು. ಬೆನ್ನು ಹಾಸಿಗಿಗೆ ಹತ್ತಬಾರದು, ಅಷ್ಟ."

ನಾನು ಎದ್ದು ಕಾಕುವಿನ ಹಾಸಿಗೆಯ ತಲೆದೆಸೆಗೆ ಹೋದೆ.

"ಬರ್ರಿ ಕಾಕಾ, ಆ ಕಡೆ ಹಿಡೀರಿ" ಎಂದೆ. ಕಾಕುವಿನ ಭುಜದ ಕೆಳಗೆ ನಾನು, ತೊಡೆಯ ಕೆಳಗೆ ಅವರು ಕೈ ಹಾಕಿ ಎತ್ತಿದೆವು. ಬೆನ್ನು ಹಾಸಿಗೆ ಬಿಟ್ಟಿತು. ಕಾಕಾ ಹೇಳಿದ್ದು ನಿಜ, ಅವರಲ್ಲಿ ತೂಕವೇ ಉಳಿದಿರಲಿಲ್ಲ. ಕಾಕು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು.

ಸ್ವಲ್ಪ ಹೊತ್ತಿಗೆ ಅವರೇ ತೊದಲಿದರು: "ಸಾಕು, ಇಳಸ್ರಿ. ನಿಮ್ಮ ಸೊಂಟ ಮದಲ ಸರಿ ಇಲ್ಲ."

ಕಾಕಾ ಕೈ ತೆಗೆಯಲಿಲ್ಲ.

"ನಾ ಎಲ್ಲಿ ಎತ್ತೀನಿ? ಕರಂಟ್ ಎತ್ತೇದ" ಎಂದರು. "ನೀ ಸುಮ್ಮನ ತೇಲು."