ಓತಿಕ್ಯಾತಕ್ಕಾಗಿ ನಾನು ಕುಡುಕನಾದದ್ದು

ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆಯುವುದು ಕಷ್ಟ ಎನ್ನುವವರೆಲ್ಲ ಸರಿಯಾಗಿ ಅರ್ಜಿ ಬರೆಯಲು ಬಾರದವರು ಎಂಬುದು ಆ ಕಾಲದಲ್ಲಿ ನನ್ನ ಖಚಿತ ಅಭಿಪ್ರಾಯವಾಗಿತ್ತು. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಬನಹಟ್ಟಿಯಲ್ಲಿ ಹೈಸ್ಕೂಲು ಮಾಸ್ತರ, ಎಂ.ಎಸ್ಸಿ. ಪಾಸಾದವನು. ಮೇಲಾಗಿ ಊರಿನ ದಾರೂಬಂದಿ, ಅಂದರೆ ಪಾನನಿಷೇಧ, ಪ್ರಚಾರ ಸಮಿತಿಯ ಕಾರ್ಯದರ್ಶಿ. ಚಹಾ ಬಿಟ್ಟರೆ ನನ್ನ ಗಂಟಲಲ್ಲಿ ಇಳಿದದ್ದು ಮಜ್ಜಿಗೆ ಮಾತ್ರ.

ನನ್ನ ಸಂಶೋಧನೆಯ ವಿಷಯ ಓತಿಕ್ಯಾತ. ಬೀಳಗಿಯ ಬೇಲಿಯ ಮೇಲಿನ ಓತಿಕ್ಯಾತದ ಬಣ್ಣವೇ ಬೇರೆ, ಮುಧೋಳದ್ದೇ ಬೇರೆ, ನಮ್ಮ ಬನಹಟ್ಟಿಯದ್ದೇ ಬೇರೆ ಎಂಬುದು ನನ್ನ ಸಿದ್ಧಾಂತ. ಇದನ್ನು ಎಂಟು ಪುಟ ಬರೆದು ಪುಣೆಯ ಒಬ್ಬ ಪ್ರೊಫೆಸರರಿಗೆ ಕಳಿಸಿದ್ದೆ. ಅವರಿಂದ ಉತ್ತರ ಬಂತು. “ವಿಷಯ ಚೆನ್ನಾಗಿದೆ. ಅರ್ಜಿಯ ಜೊತೆ ಮಾದರಿಗಳನ್ನಾಗಲಿ ಬಣ್ಣದ ಚಿತ್ರಗಳನ್ನಾಗಲಿ ಕಳಿಸಿರಿ. ಸರ್ಕಾರಿ ಅಧಿಕಾರಿಯೊಬ್ಬರಿಂದ ನಡತೆಯ ಪ್ರಮಾಣಪತ್ರವೂ ಬರಲಿ. ನನ್ನಲ್ಲಿ ಒಂದೇ ಒಂದು ಜಾಗ ಇದೆ.”

ಆ ಜಾಗ ನನಗೆ ಬೇಕಾಗಿತ್ತು. ತಮಾಷೆಯ ಮಾತಲ್ಲ, ನಿಜವಾಗಿ ಬೇಕಾಗಿತ್ತು. ವರ್ಷ ವರ್ಷ ಅದೇ ಕಪ್ಪೆಯ ಪಾಠ ಹೇಳಿ ಹೇಳಿ ನನಗೂ ಕಪ್ಪೆಗೂ ಒಬ್ಬರ ಮುಖ ಒಬ್ಬರಿಗೆ ಸಾಕಾಗಿತ್ತು.

ಪತ್ರ ಓದಿ ಹೇಳಿದಾಗ ನನ್ನ ಹೆಂಡತಿ ಗಂಗವ್ವ ಅಂದಳು: “ಚಿತ್ರಾನ ಕಳಿಸಿಬಿಡ್ರಿ. ನಿಮ್ಮ ಸಾಲ್ಯಾಗ ಡ್ರಾಯಿಂಗ್ ಮಾಸ್ತರ ಅದಾರಲ್ಲ, ಒಂದ ದಿನದ ಕೆಲಸ.”

“ಚಿತ್ರಾ ಯಾರ ಬೇಕಾದ್ರೂ ಬರೀತಾರ. ಇದು ವಿಜ್ಞಾನ ಐತಿ. ಖರೇ ಓತಿಕ್ಯಾತನ ಹೋಗಬೇಕು,” ಎಂದೆ.

ಈ ಒಂದು ವಾಕ್ಯವನ್ನು ನಾನು ನುಂಗಿಕೊಂಡಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಕೋಲಿನ ತುದಿಗೆ ನಮ್ಮೂರಿನ ಗಟ್ಟಿ ನೂಲಿನ ಕುಣಿಕೆ ಕಟ್ಟಿಕೊಂಡು ಮೂರು ಊರಿನ ಬೇಲಿ ಸುತ್ತಿದೆ. ಕರೀ ಕೋಟು, ಟೋಪಿ ಧರಿಸಿದ ಮಾಸ್ತರ ಕಳ್ಳಿಯ ಮುಂದೆ ಉಸಿರು ಹಿಡಿದು ನಿಂತದ್ದನ್ನು ನೋಡಿ ಮುಧೋಳದ ಒಬ್ಬ ಮುದುಕ ಚಕ್ಕಡಿ ನಿಲ್ಲಿಸಿ, “ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?” ಎಂದು ಕಾಳಜಿಯಿಂದ ಕೇಳಿದ. ಊರಿಗೆ ಎರಡರಂತೆ ಆರು ಓತಿಕ್ಯಾತ ಸಿಕ್ಕವು. ತೂತು ಹೊಡೆದ ತಗಡಿನ ಡಬ್ಬಿಯಲ್ಲಿ ಹಾಕಿ ಮನೆಗೆ ತಂದೆ. ತಂದ ಮೇಲೆ ನೆನಪಾಯಿತು, ಇವುಗಳನ್ನು ಕೆಡದಂತೆ ಇಡಲು ಸ್ಪಿರಿಟ್ ಬೇಕು. ರಾಜ್ಯದಲ್ಲಿ ದಾರೂಬಂದಿ. ಪರವಾನಗಿ ಇಲ್ಲದೆ ಸ್ಪಿರಿಟ್ ಒಂದು ಹನಿ ಸಿಗುವುದಿಲ್ಲ. ಆ ಕಾಯಿದೆಯ ಪರವಾಗಿ ಊರೂರು ಭಾಷಣ ಮಾಡಿದವನು ನಾನೇ.

ತಾಲ್ಲೂಕಿನ ಕಚೇರಿಗೆ ಹೋದೆ. ಅಲ್ಲಿ ಕಾರಕೂನ ಗೋವಿಂದರಾಯರು ಪರಿಚಯದವರು.

“ಸ್ಪಿರಿಟ್ ಯಾಕ ಬೇಕ್ರಿ ಮಾಸ್ತರ?”

“ಓತಿಕ್ಯಾತ ಮುಳುಗಿಸಿ ಇಡಾಕ್ರೀ ರಾಯರ.”

ರಾಯರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರು.

“ವಿಜ್ಞಾನದ ಫಾರಂ ಮುಂಬೈದಿಂದ ಬರಬೇಕ್ರಿ. ಯಾವಾಗ ಬರ್ತದೋ ಆ ದೇವರಿಗೇ ಗೊತ್ತು. ನಮ್ಮ ಕಡೆ ಇರೂದು ಇದೊಂದ, ಕುಡಿಯೂ ಚಟ ಇದ್ದವರದು.”

“ನಾ ಕುಡಿಯೂದಿಲ್ಲಲ್ರೀ.”

“ನಿಮಗ ಯಾರು ಕುಡೀರಿ ಅಂದ್ರು? ಫಾರಂ ಕುಡೀತದ. ನೀವು ಸಹಿ ಮಾಡ್ರಿ, ಸಾಕು.”

‘ಎಷ್ಟು ವರ್ಷಗಳಿಂದ ಕುಡಿಯುತ್ತೀರಿ?’ ಎಂಬ ಪ್ರಶ್ನೆಗೆ ನಾನು ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದೆ. ರಾಯರು ಅದನ್ನು ಹೊಡೆದುಹಾಕಿ ‘ಹನ್ನೆರಡು’ ಎಂದು ಬರೆದರು. ಹನ್ನೆರಡೇ ಯಾಕೆ ಎಂದು ಕೇಳಿದೆ. “ಕಡಿಮಿ ಬರದ್ರ ಬಿಡಸಬಹುದು ಅಂತ ಸಾಹೇಬರು ವಾಪಸ್ ಕಳಸ್ತಾರ,” ಎಂದರು. ‘ಸಿಗದಿದ್ದರೆ ಆಗುವ ಹಾನಿ’ ಎಂಬಲ್ಲಿ ನಾನು ‘ಓತಿಕ್ಯಾತಗಳು ಕೊಳೆಯುತ್ತವೆ’ ಎಂದು ಬರೆದಿದ್ದೆ. ಅದರ ಮೇಲೆ ಗೀಟು ಎಳೆದು ‘ಅರ್ಜಿದಾರರ ಜೀವಕ್ಕೆ ಅಪಾಯ’ ಎಂದು ತಿದ್ದಿದರು. ಅಕ್ಷರ ಮಾತ್ರ ಮುತ್ತಿನಂತಿತ್ತು. ನಾನು ಸಹಿ ಮಾಡಿದೆ.

ಮನೆಯಲ್ಲಿ ಇದನ್ನು ಹೇಳಿದಾಗ ಗಂಗವ್ವ, “ನಿಮಗ ರಾಯರು, ರಾಯರಿಗೆ ನೀವು. ಓತಿಕ್ಯಾತಕ್ಕ ಬೇಲಿ ಸಾಕ್ಷಿ ಆತು,” ಎಂದಳು. ಪರವಾನಗಿ ಬರುವವರೆಗೆ ಆರೂ ಪ್ರಾಣಿಗಳಿಗೆ ಊಟ ಹಾಕಬೇಕಲ್ಲ. ದಿನಾ ಬೆಳಿಗ್ಗೆ ಅವಳು, “ನಿಮಗ ರೊಟ್ಟಿ ಬಡೀಲ್ಯೋ, ನಿಮ್ಮ ಬೀಗರಿಗೆ ಮಿಡತಿ ಹಿಡೀಲ್ಯೋ?” ಎಂದು ಕೇಳುತ್ತಿದ್ದಳು. ಹದಿನೈದು ದಿನ ನಾನೇ ಹಿತ್ತಲಲ್ಲಿ ಮಿಡತೆ ಹಿಡಿದೆ.

ಕೊನೆಗೆ ಪರವಾನಗಿ ಬಂತು. ಕಚೇರಿಯ ಸಿಪಾಯಿ ಅದನ್ನು ಮನೆಗೆ ತರಲಿಲ್ಲ, ಶಾಲೆಗೆ ತಂದ. ತುಂಬಿದ ಕ್ಲಾಸಿನ ಬಾಗಿಲಲ್ಲಿ ನಿಂತು, “ಮಾಸ್ತರ, ನಿಮ್ಮ ಕುಡಿಯೂ ಪರವಾನಗಿ ಬಂದೈತ್ರಿ, ಸಹಿ ಮಾಡ್ರಿ,” ಎಂದು ಗಟ್ಟಿಯಾಗಿ ಹೇಳಿದ. ಅಂದು ಸಂಜೆಯೇ ದಾರೂಬಂದಿ ಸಮಿತಿಯ ತುರ್ತು ಸಭೆ ನಡೆದು ನನ್ನನ್ನು ಸಮಿತಿಯಿಂದ ತೆಗೆದುಹಾಕುವ ಠರಾವು ಪಾಸಾಯಿತು. ಠರಾವು ಬರೆಯುವುದು ಕಾರ್ಯದರ್ಶಿಯ ಕೆಲಸ. ನಾನೇ ಬರೆದೆ.

ಮರುದಿನ ಬಸ್ಸು ಹತ್ತಿ ಬೆಳಗಾವಿಗೆ ಹೋದೆ. ಅಂಗಡಿಯವ ಪರವಾನಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸ್ಪಿರಿಟ್ ಕುಡದ್ರ ಸಾಯ್ತೀರಿ ಮಾಸ್ತರ. ಇದರ ಮ್ಯಾಲೆ ಬ್ರಾಂದಿ ಅಷ್ಟ ಕೊಡಾಕ ಬರ್ತೈತಿ,” ಎಂದ. ಕುಡಿಯುವವನು ನಾನಲ್ಲ, ಓತಿಕ್ಯಾತ ಎಂದೆ. ಅವನು ಬಹಳ ಮರ್ಯಾದೆಯಿಂದ, “ಇಲ್ಲಿಗೆ ಬರೂ ಎಲ್ಲಾರೂ ಯಾರದರ ಒಂದ ಹೆಸರು ಹೇಳತಾರ್ರಿ,” ಎಂದು ಬಾಟಲಿ ಕಟ್ಟಿಕೊಟ್ಟ.

ಬ್ರಾಂದಿಯಲ್ಲೂ ಸ್ಪಿರಿಟ್ ಇದ್ದೇ ಇರುತ್ತದೆ ಎಂದು ವಿಜ್ಞಾನ ನನಗೆ ಧೈರ್ಯ ಹೇಳಿತು. ಗಾಜಿನ ಭರಣಿಯಲ್ಲಿ ಆರೂ ಓತಿಕ್ಯಾತ ಮುಳುಗಿದವು. ಗಂಗವ್ವ ಭರಣಿಯನ್ನು ಒಳಗೆ ಇಡಗೊಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಇಟ್ಟೆ. ವಾಸನೆ ಗಾಳಿಯಲ್ಲಿ ಹೋಯಿತೋ ಏನೋ, ಎಂದೂ ನಮ್ಮ ಹೊಸ್ತಿಲು ತುಳಿಯದ ಪಕ್ಕದ ಮನೆಯ ಸಾವುಕಾರರು ಹೊಟ್ಟೆ ಹಿಡಿದುಕೊಂಡು ಬಂದರು. “ಮಾಸ್ತರ, ಮುಂಜಾನಿಂದ ಹೊಟ್ಟಿ ಭಾಳ ಕಡ್ಯಾಕತ್ತೈತಿ. ಔಷಧಕ್ಕ ಒಂದ ಚಮಚ ಸಿಗತೈತೇನು?” ನಾನು ಭರಣಿ ತೋರಿಸಿದೆ. ಅದರೊಳಗಿನ ಆರು ಮುಖ ನೋಡಿದ ಕ್ಷಣವೇ ಸಾವುಕಾರರ ಹೊಟ್ಟೆನೋವು ನಿಂತಿತು.

ಉಳಿದದ್ದು ನಡತೆಯ ಪ್ರಮಾಣಪತ್ರ. ಗೋವಿಂದರಾಯರ ಮೇಲಧಿಕಾರಿ ಮಾಮಲೇದಾರ ಸಾಹೇಬರು ಸಜ್ಜನರು. “ಹಳೇ ಕಾಗದ ನೋಡಿ ಬರದು ತರ್ರಿ, ಸಹಿ ಮಾಡ್ತೀನಿ,” ಎಂದು ಗೋವಿಂದರಾಯರಿಗೆ ಹೇಳಿದರು. ಸ್ವಲ್ಪ ಹೊತ್ತಿಗೆ ಅರಗಿನ ಮುದ್ರೆ ಹಾಕಿದ ಲಕೋಟೆ ನನ್ನ ಕೈಗೆ ಬಂತು. ಒಡೆಯುವಂತಿಲ್ಲ. “ನಿಮ್ಮ ಬಗ್ಗೆ ಎಷ್ಟು ಛಲೋ ಬರದೀನಿ ಅಂದ್ರ, ಓದಿದ್ರ ನಿಮಗ ನಾಚಿಕಿ ಬರ್ತದ,” ಎಂದರು ರಾಯರು. ಆ ಮಾತು ಅಕ್ಷರಶಃ ನಿಜವಾಯಿತು. ಭರಣಿಯ ಮುಚ್ಚಳಕ್ಕೆ ಮೇಣ ಮೆತ್ತಿ, ಅರ್ಜಿ, ಲಕೋಟೆ ಎಲ್ಲ ಸೇರಿಸಿ ಕುಡಚಿ ಸ್ಟೇಷನ್ನಿಗೆ ಹೋಗಿ ಪುಣೆಗೆ ಪಾರ್ಸಲ್ ಮಾಡಿ ಬಂದೆ. ಬರುವಾಗ ದಾರಿಯುದ್ದಕ್ಕೂ ನನ್ನ ಹೆಸರಿನ ಮುಂದೆ ‘ಡಾಕ್ಟರ್’ ಸೇರಿಸಿ ಸೇರಿಸಿ ಹೇಳಿಕೊಂಡೆ. ಕೇಳಲು ಚೆನ್ನಾಗಿತ್ತು.

ಒಂದು ತಿಂಗಳಿಗೆ ಪ್ರೊಫೆಸರರ ಪತ್ರ ಬಂತು. ಗಂಗವ್ವನನ್ನು ಕರೆದು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದೆ.

“ತಮ್ಮ ಪ್ರಮಾಣಪತ್ರ ತಲುಪಿತು. ‘ಅರ್ಜಿದಾರರು ಹನ್ನೆರಡು ವರ್ಷಗಳಿಂದ ಕುಡಿಯುತ್ತಿದ್ದರೂ ಸರ್ಕಾರ ಗೊತ್ತುಮಾಡಿದ ಅಳತೆ ಮೀರಿದವರಲ್ಲ, ಬೀದಿಯಲ್ಲಿ ಗಲಾಟೆ ಮಾಡಿದವರಲ್ಲ’ ಎಂದು ಅಧಿಕಾರಿಗಳು ಬರೆದಿದ್ದಾರೆ. ಅದು ತಮ್ಮ ಖಾಸಗಿ ವಿಷಯ, ನನ್ನ ಆಕ್ಷೇಪಣೆ ಇಲ್ಲ. ಆದರೆ ಮೂರು ಬಣ್ಣದ ಓತಿಕ್ಯಾತಗಳೆಂದು ತಾವು ಕಳಿಸಿದ ಆರೂ ಒಂದೇ ಕಂದು ಬಣ್ಣಕ್ಕೆ ತಿರುಗಿವೆ. ಬ್ರಾಂದಿ ಹಾಗಿರಲಿ, ಶುದ್ಧ ಸ್ಪಿರಿಟ್ಟಿನಲ್ಲಿ ಇಟ್ಟರೂ ಬಣ್ಣ ಹೋಗುತ್ತದೆ. ಬಣ್ಣದ ಮೇಲೆ ಸಂಶೋಧನೆ ಮಾಡುವವರಿಗೆ ಇದು ತಿಳಿದಿರಬೇಕಿತ್ತು. ಅದಕ್ಕಾಗಿಯೇ ಚಿತ್ರಗಳಾದರೂ ಆದೀತು ಎಂದು ಬರೆದಿದ್ದೆ. ಇದ್ದ ಒಂದು ಜಾಗವನ್ನು ಚಿತ್ರ ಕಳಿಸಿದ ಅಭ್ಯರ್ಥಿಗೆ ಕೊಟ್ಟಿದ್ದೇನೆ.”

ಕೊನೆಯ ಸಾಲು ಓದಿ ಪತ್ರ ಮಡಚಿ ಇಟ್ಟೆ. ಎರಡು ವರ್ಷದ ಆಸೆ ಅದು. ಗಂಗವ್ವ ‘ನಾ ಹೇಳಿರಲಿಲ್ಲೇನು’ ಎನ್ನಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದು ಮುಂದೆ ಇಟ್ಟಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಕಚೇರಿಗೆ ಹೋಗಿ ಪರವಾನಗಿಯನ್ನು ರಾಯರ ಮೇಜಿನ ಮೇಲೆ ಇಟ್ಟು, ನನ್ನ ಹೆಸರು ಹೊಡೆದುಹಾಕಿರಿ ಎಂದೆ. “ಹೊಡೀಲಿಕ್ಕೆ ಬರೂದಿಲ್ರಿ,” ಎಂದು ಅವರು ವಹಿಯಲ್ಲಿ ನನ್ನ ಹೆಸರಿನ ಮುಂದೆ ‘ಕುಡಿಯುವುದನ್ನು ಬಿಟ್ಟಿದ್ದಾರೆ’ ಎಂದು ಬರೆದರು. ಅಕ್ಷರ ಈ ಸಲವೂ ಮುತ್ತಿನಂತಿತ್ತು.

ಸುದ್ದಿ ನನಗಿಂತ ಮೊದಲೇ ಬನಹಟ್ಟಿ ಮುಟ್ಟಿತು. ದಾರೂಬಂದಿ ಸಮಿತಿಯವರು ಮನೆಗೆ ಬಂದರು. ಬರುವ ಸಭೆಯಲ್ಲಿ ಚಟ ಬಿಟ್ಟ ಮಹನೀಯರೆಂದು ನನಗೆ ಸತ್ಕಾರವಂತೆ. ನಾನು ಒಲ್ಲೆ ಎಂದೆ.

“ಹೋಗಿ ಬರ್ರಿ. ಹನ್ನೆರಡ ವರ್ಷದ ಚಟಾ ಒಂದ ದಿನದಾಗ ಬಿಟ್ಟವರು ಈ ಜಿಲ್ಲಾದಾಗ ನೀವೊಬ್ರ,” ಎಂದಳು ಗಂಗವ್ವ.

ಹೋದೆ. ಹಾರ ಹಾಕಿದರು. ಎದ್ದು ನಿಂತು, “ಮಹಾಜನರೇ, ನಾನು ಜನ್ಮದಲ್ಲಿ ಒಂದು ಹನಿಯನ್ನೂ ಕುಡಿದವನಲ್ಲ,” ಎಂದೆ. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಕಣ್ಣು ಒರೆಸಿಕೊಂಡು, “ನೋಡ್ರಿ, ಹಿಂದಿನ ಜನ್ಮನ ಮರತಾರ. ಬಿಟ್ರ ಹಿಂಗ ಬಿಡಬೇಕು,” ಎಂದರು.

ಹಾರ ಕೈಯಲ್ಲಿ ಹಿಡಿದು ಮನೆಗೆ ಬರುವಾಗ ದಾರಿಯ ಕಳ್ಳಿಯ ಮೇಲೆ ಒಂದು ಓತಿಕ್ಯಾತ ಕೂತಿತ್ತು. ಬನಹಟ್ಟಿಯದೇ, ಬಣ್ಣ ನೋಡಿದರೆ ಗೊತ್ತಾಗುತ್ತಿತ್ತು. ನಾನು ನಿಂತು, “ಕುಡದಿಲ್ಲಲ್ಲೋ ನಾನು?” ಎಂದು ಕೇಳಿದೆ. ಅದು ಹೌದೆಂಬಂತೆ ಎರಡು ಸಲ ಗೋಣು ಹಾಕಿತು. ಈ ಊರಿನಲ್ಲಿ ನನಗೆ ಉಳಿದ ಸಾಕ್ಷಿ ಅದೊಂದೇ, ಅದರ ಬಳಗದ ಆರು ಮಂದಿಯೋ ಕುಡಿದೇ ಸತ್ತವರು.