ಒಂದು ಗೆಲುವಿನ ಏರ್ಪಾಡು

ಎಲ್ಲದಕ್ಕೂ ಕಾರಣ ಶನಿವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ನಡೆದ ಒಂದು ಭಾಷಣ. ಮಾತಾಡಿದವರು ಪ್ರೇರಣಾ ತಜ್ಞರು. ಅಂದರೆ, ತಮ್ಮ ಕೈಲಿ ಆಗದ್ದನ್ನು ಬೇರೆಯವರ ಕೈಲಿ ಮಾಡಿಸಬಲ್ಲವರು. ಅವರು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ, "ಮಕ್ಕಳು ಗಣಿತದಲ್ಲಿ ಯಾಕೆ ಹಿಂದೆ? ಗೆಲುವಿನ ರುಚಿ ಕಂಡಿಲ್ಲ, ಅದಕ್ಕೆ. ಒಂದೇ ಒಂದು ಸಲ ಆಟದಲ್ಲಿ ಗೆಲ್ಲಲಿ, ಆಮೇಲೆ ನೋಡಿ, ಪುಸ್ತಕ ಕಿತ್ತಿಟ್ಟುಕೊಂಡರೂ ಬಿಡೋದಿಲ್ಲ," ಎಂದರು. ಪೋಷಕರು ಚಪ್ಪಾಳೆ ತಟ್ಟಿದರು. ಮಕ್ಕಳನ್ನು ಒಳಗೆ ಬಿಟ್ಟಿರಲಿಲ್ಲವಾದ್ದರಿಂದ ಆ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಕನ್ನಡಕದಂಗಡಿಯಾತನಿಗೆ ಅದು ಎದೆಗೇ ನಾಟಿತು. ಅವನ ಮಗಳು ಗಣಿತದಲ್ಲಿ ನಪಾಸಾಗಿದ್ದಳು. ಸೋಮವಾರ ಮರುಪರೀಕ್ಷೆ. ಅದರಲ್ಲೂ ಮುಗ್ಗರಿಸಿದರೆ ಇನ್ನೊಂದು ವರ್ಷ ಅದೇ ತರಗತಿ, ಅದೇ ಬೆಂಚು, ಕಿರಿಯ ಮಕ್ಕಳ ನಡುವೆ ಕೊಕ್ಕರೆಯ ಹಾಗೆ. ಅವನ ಮುಂದೆಯೇ ಕೂತಿದ್ದ ಮೇಲಿನ ಮನೆಯ ಹಲ್ಲಿನ ಡಾಕ್ಟರಮ್ಮನೂ ಗೋಣು ಹಾಕುತ್ತಿದ್ದರು. ಅವರ ಮಗಳೂ ಅದೇ ಮರುಪರೀಕ್ಷೆಯ ಗಿರಾಕಿ. ಅದನ್ನು ಅವನು ನೋಡಿದ, ಗಮನಿಸಲಿಲ್ಲ. ಕಂಡವರ ದೃಷ್ಟಿಯನ್ನೆಲ್ಲ ಪರೀಕ್ಷಿಸುವವನಿಗೆ ಮೂಗಿನ ಮುಂದಿನದು ಕಾಣದಿರುವುದು ಹೊಸತೇನಲ್ಲ.

ಭಾನುವಾರ ಬೆಳಗ್ಗೆ ಮಗಳು ಗಣಿತದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಪುಸ್ತಕ ಮುಚ್ಚಿತ್ತು. ವರ್ಷ ಮುಗಿಯುತ್ತ ಬಂದರೂ ಅದು ಆಗತಾನೆ ಅಂಗಡಿಯಿಂದ ತಂದಂತೆ ಗರಿಗರಿಯಾಗಿತ್ತು.

"ಇವತ್ತು ಬ್ಯಾಡ್ಮಿಂಟನ್ ಪಂದ್ಯ ಇದೆಯಲ್ಲಮ್ಮ," ಎಂದ ಅಪ್ಪ, ಮಾತಿನಲ್ಲೂ ತುದಿಗಾಲಲ್ಲಿ ನಡೆಯುತ್ತ.

"ಇದೆ. ಸೋಲ್ತೀನಿ. ಬಂದ್ಮೇಲೆ ಓದ್ತಾಳೆ ಅಂತೆಲ್ಲ ಅಂದ್ಕೋಬೇಡ."

"ಗೆದ್ದರೆ?"

ಮಗಳು ಈ ಕಡೆ ತಿರುಗಿದಳು. ಇಂಥದ್ದೊಂದು ಸಾಧ್ಯತೆಯನ್ನು ಆ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. "ಗೆದ್ದರೆ ಓದ್ತೀನಿ. ನೀನೇ ಬಂದು ಸಾಕು ಮಲಗು ಅನ್ನೋವರೆಗೂ ಓದ್ತೀನಿ. ಸೋತ್ರೆ ಮಾತ್ರ ಪುಸ್ತಕದ ಸುದ್ದಿ ಎತ್ತಬಾರದು."

"ಮಾತಿಗೆ ತಪ್ಪಬಾರದು."

"ನೀನೂ ಅಷ್ಟೆ."

ಒಳಗಿನಿಂದ ಹೆಂಡತಿ, "ಮೊದಲು ಹೋಗಿ ಅಂಗಡಿ ಬಾಗಿಲು ತೆಗೀರಿ. ಅವಳ ಆಟ ನಾನು ನೋಡಿದೀನಿ. ಆ ಬ್ಯಾಟಲ್ಲಿ ಅವಳು ಸೊಳ್ಳೆ ಹೊಡೆಯೋಕೆ ಹೋದ್ರೂ ಸೊಳ್ಳೆನೇ ಗೆಲ್ಲೋದು," ಎಂದಳು.

ಅಂಗಡಿ ಅದೇ ಕಟ್ಟಡದ ಕೆಳಗಿತ್ತು. ಆತ ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದ. ಎದುರಾಳಿ ಡಾಕ್ಟರಮ್ಮನ ಮಗಳು ಚೂಟಿ. ಅವಳೂ ಹುಟ್ಟಿದಾಗಿನಿಂದ ಒಂದು ಪಂದ್ಯವನ್ನೂ ಗೆದ್ದವಳಲ್ಲ. ಹಾಗಾಗಿ ಇಬ್ಬರಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ಆದರೆ ಆಗಬಹುದು, ಆಗದೆಯೂ ಇರಬಹುದು ಎನ್ನುವ ಬಾಬತ್ತು ವ್ಯಾಪಾರಸ್ಥನ ಜಾಯಮಾನಕ್ಕೆ ಒಗ್ಗುವುದಿಲ್ಲ. ಮಗಳ ಪಾಲಿಗೆ ಗೆಲುವು ತಾನಾಗಿ ಬರಲಿ ಎಂದು ಕಾದರೆ ಅವಳು ಅದೇ ತರಗತಿಯಲ್ಲಿ ಅಜ್ಜಿಯಾದಾಳು. ಏನಾದರೊಂದು ಏರ್ಪಾಡು ಮಾಡಬೇಕು.

ಹುಡುಕುವ ಬಳ್ಳಿ ಕಾಲಿಗೆ ತೊಡರಿತು. ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಚೂಟಿಯೇ ಬಂದಳು, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು.

"ಅಂಕಲ್, ಇದರ ಕಡ್ಡಿ ಅಲ್ಲಾಡ್ತಿದೆ."

ಆತ ಸ್ಕ್ರೂ ಬಿಗಿ ಮಾಡುತ್ತಿದ್ದಾಗ ಹುಡುಗಿ ಗಾಜಿನ ಕಪಾಟಿನಲ್ಲಿದ್ದ ಒಂದು ಕೂಲಿಂಗ್ ಗ್ಲಾಸನ್ನು ಎವೆಯಿಕ್ಕದೆ ನೋಡುತ್ತಿದ್ದಳು. ನೋಡಿದವರ ಮುಖವೇ ಅದರಲ್ಲಿ ಕಾಣುವಂಥ ಬೆಳ್ಳಿಬಣ್ಣದ್ದು.

"ಇಷ್ಟ ಆಯ್ತಾ?"

"ಇಷ್ಟ ಆಗಿ ಏನು ಬಂತು? ಹಲ್ಲಿಗೆ ಸಂಬಂಧ ಇಲ್ಲದ ಯಾವ ಸಾಮಾನೂ ನಮ್ಮಮ್ಮ ಕೊಡಿಸಲ್ಲ."

ಅಂಗಡಿಯಾತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಸಾಯಂಕಾಲ ಪಂದ್ಯದಲ್ಲಿ ನೀನು ಸೋತರೆ ಅದು ನಿನ್ನದೇ."

ಚೂಟಿ ಬೆಚ್ಚಿಬೀಳಲೂ ಇಲ್ಲ, ಬೇಸರಪಟ್ಟುಕೊಳ್ಳಲೂ ಇಲ್ಲ. ಕೆಲಸಕ್ಕೆ ಕರೆದ ಬಡಗಿ ಬಾಗಿಲನ್ನು ನೋಡುವಂತೆ ಅವನನ್ನು ನೋಡಿದಳು. "ಬರೀ ಸೋತರೆ ಸಾಕಾ?"

"ಸಾಕು. ನೀನೇನೂ ಮಾಡಬೇಕಾಗಿಲ್ಲ."

"ಏನೂ ಮಾಡದೆ ಸೋಲೋದು ಬೇರೆ, ಬೇಕು ಅಂತ ಸೋಲೋದು ಬೇರೆ ಅಂಕಲ್. ಇದಕ್ಕೆ ಗಮನ ಬೇಕು. ಡಬ್ಬಿನೂ ಕೊಡ್ತೀರಾ?"

"ಯಾವ ಡಬ್ಬಿ?"

"ಕನ್ನಡಕ ಇಡೋದು."

"ಆಯ್ತಮ್ಮ, ಡಬ್ಬಿನೂ ತಗೋ. ಇದು ನಮ್ಮಿಬ್ಬರಲ್ಲೇ ಇರಲಿ."

"ಇಂಥದ್ದನ್ನೆಲ್ಲ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ?" ಎಂದು ಆ ಹುಡುಗಿ ಗಂಭೀರವಾಗಿ ಮೆಟ್ಟಿಲು ಹತ್ತಿಹೋದಳು. ಅಂಗಡಿಯಾತ ಆ ದಿನ ಬಂದ ಗಿರಾಕಿಗಳನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದ. ಹತ್ತಿರದ್ದು ಕಾಣದ ಮುದುಕರೊಬ್ಬರಿಗೆ ದೂರದ್ದನ್ನು ನೋಡುವ ಕನ್ನಡಕ ಕೊಟ್ಟು ಕಳಿಸಿದ. ಮನಸ್ಸು ಅಷ್ಟು ಹಗುರವಾಗಿತ್ತು.

ಪಂದ್ಯ ಕಟ್ಟಡದ ಹಿತ್ತಲಲ್ಲಿ. ತೀರ್ಪುಗಾರರು ಕೊನೆಯ ಮನೆಯ ನಿವೃತ್ತ ರೈಲ್ವೆ ಗಾರ್ಡು. ಅವರು ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಹಸಿರು ಬಾವುಟ ಹಿಡಿದಿದ್ದರು. ನಿಯಮಗಳೂ ಅವರವೇ: ತಪ್ಪು ಮಾಡಿದರೆ ಎದುರಾಳಿಗೆ ಪಾಯಿಂಟು, ಮುಂದಿನ ಸರ್ವೀಸೂ ಎದುರಾಳಿಗೇ. ಹದಿನೈದು ಮುಟ್ಟಿದವರು ಗೆದ್ದ ಹಾಗೆ, ಆದರೆ ಎರಡು ಪಾಯಿಂಟಾದರೂ ಮುಂದಿರಬೇಕು. "ಒಂದು ಪಾಯಿಂಟಲ್ಲಿ ಗೆದ್ದರೆ ಅದು ಗೆಲುವಲ್ಲ, ಆಕಸ್ಮಿಕ," ಎನ್ನುವುದು ಅವರ ಸಿದ್ಧಾಂತ.

ಗಾರ್ಡು ಹಸಿರು ಬಾವುಟ ಬೀಸಿದರು. ಚೂಟಿ ಸರ್ವೀಸ್ ಮಾಡಿದಳು. ಶಟಲ್ ಕಾಕು ನೇರ ನೆಟ್ಟಿಗೆ ಹೋಗಿ ಸಿಕ್ಕಿಕೊಂಡಿತು. ಅಂಗಡಿಯಾತ ಮನಸ್ಸಿನಲ್ಲೇ ಶಹಬ್ಬಾಸ್ ಎಂದ. ಎಂಥ ಪ್ರಾಮಾಣಿಕ ಹುಡುಗಿ!

ಈಗ ಮಗಳ ಸರ್ವೀಸು. ಅವಳು ಬ್ಯಾಟನ್ನು ಬಾವಿಯಿಂದ ಕೊಡ ಸೇದುವಂತೆ ಎತ್ತಿ ಹೊಡೆದಳು. ಕಾಕು ಗಡಿ ದಾಟಿ, ಬಟ್ಟೆ ಒಣಹಾಕುವ ಹಗ್ಗ ದಾಟಿ, ಟೈಲರ್ ಮನೆಯ ಕಿಟಕಿಗೆ ಬಡಿಯಿತು.

"ಒಂದು-ಒಂದು," ಎಂದರು ಗಾರ್ಡು.

ಚೂಟಿ ಮತ್ತೆ ನೆಟ್ಟಿಗೆ. ಮಗಳು ಮತ್ತೆ ಕಿಟಕಿಗೆ. ಮೂರು-ಮೂರಾಯಿತು, ಏಳು-ಏಳಾಯಿತು. ಒಬ್ಬಳ ಕಾಕೂ ಇನ್ನೊಬ್ಬಳ ಬ್ಯಾಟಿನ ಮುಖ ನೋಡಲಿಲ್ಲ.

"ಹುಡುಗೀರು ಒಳ್ಳೆಯವರು," ಎಂದ ಪಕ್ಕದಲ್ಲಿ ನಿಂತಿದ್ದ ಟೈಲರ್. "ಒಬ್ಬರಿಗೊಬ್ಬರು ತೊಂದರೆ ಕೊಡ್ತಾ ಇಲ್ಲ."

ನೀರು ಕುಡಿಯಲೆಂದು ಗಾರ್ಡು ಸೀಟಿ ಊದಿದ ಕೂಡಲೇ ಅಂಗಡಿಯಾತ ಚೂಟಿಯ ಬಳಿಗೆ ನುಸುಳಿದ. "ಏನಮ್ಮ ಇದು?"

"ನನ್ನನ್ನೇನು ಕೇಳ್ತೀರಿ ಅಂಕಲ್? ನಾನು ಸೋಲ್ತಾನೇ ಇದೀನಿ. ನಿಮ್ಮ ಮಗಳು ಗೆಲ್ತಾ ಇಲ್ಲ," ಎಂದಳು ಅವಳು, ಕೆಲಸ ಕೊಟ್ಟವನ ಮೇಲೆಯೇ ದೂರು ಹೇಳುವ ಗುತ್ತಿಗೆದಾರಳಂತೆ. "ಇಷ್ಟು ಕೆಟ್ಟದಾಗಿ ಆಡೋರ ಹತ್ರ ಸೋಲೋದು ಎಷ್ಟು ಕಷ್ಟ ಗೊತ್ತಾ? ಮೊದಲು ಮಾತಾಡಿದ್ದು ಸಾಕಾಗಲ್ಲ."

"ಇನ್ನೇನು ಬೇಕು?"

"ಆ ತಿರುಗೋ ಕನ್ನಡಿ."

ಅದು ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿ. ಅಂಗಡಿಯಾತ ಅದಕ್ಕೂ ಒಪ್ಪಿದ. ತಿರುಗಿ ನೋಡಿದರೆ, ಆ ಬದಿಯಲ್ಲಿ ಡಾಕ್ಟರಮ್ಮ ಅವನ ಮಗಳ ಭುಜದ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಎದುರಾಳಿಯ ಮಗುವನ್ನೂ ಹುರಿದುಂಬಿಸುವ ದೊಡ್ಡಗುಣ. ತಾನು ಮಾಡುತ್ತಿರುವುದನ್ನು ನೆನೆದು ಅವನಿಗೆ ಒಂದು ಗಳಿಗೆ ನಾಚಿಕೆಯೂ ಆಯಿತು.

ಹದಿನಾಲ್ಕು-ಹದಿನಾಲ್ಕು. ಹದಿನೆಂಟು-ಹದಿನೆಂಟು. ಗಾರ್ಡು ಒಮ್ಮೆ ಸ್ಟೂಲಿನ ಮೇಲೆಯೇ ತೂಕಡಿಸಿ ಎರಡೂ ಬಾವುಟಗಳನ್ನು ಒಟ್ಟಿಗೆ ಎತ್ತಿದರು. ಟೈಲರ್ ಕಿಟಕಿ ಮುಚ್ಚಿ ಬಂದ. ಇನ್ನೊಂದು ಸಲ ನೀರಿಗೆ ಬಿಟ್ಟಾಗ ಅಂಗಡಿಯಾತ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯನ್ನೂ ಚೂಟಿಗೆ ಬಿಟ್ಟುಕೊಟ್ಟ. ಹಾಗೆ ಮಾಡುವಾಗ ಅವನ ಕಿವಿಗೆ ಆಚೆ ಬದಿಯಿಂದ ಡಾಕ್ಟರಮ್ಮನ ಪಿಸುಮಾತು ಬಿತ್ತು: "ಆಯ್ತು ಪುಟ್ಟ, ಕ್ಲಿನಿಕ್ಕಿನ ಆ ಪ್ಲಾಸ್ಟರ್ ದವಡೆನೂ ನಿಂದೇ. ಒಂದು ಸಲ ಸೋತುಬಿಡು."

ಅವನು ನಿಂತಲ್ಲೇ ನಿಂತ. ಡಾಕ್ಟರಮ್ಮ ತಲೆಯೆತ್ತಿದರು. ಅವನ ಕೈ ಚೂಟಿಯ ಹೆಗಲ ಮೇಲಿತ್ತು, ಅವರ ಕೈ ಅವನ ಮಗಳ ಹೆಗಲ ಮೇಲಿತ್ತು. ಇಬ್ಬರೂ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು.

"ನಿನ್ನೆ ಭಾಷಣ ಚೆನ್ನಾಗಿತ್ತು," ಎಂದರು ಡಾಕ್ಟರಮ್ಮ.

"ತುಂಬಾ ಚೆನ್ನಾಗಿತ್ತು," ಎಂದ ಅಂಗಡಿಯಾತ.

ಪಂದ್ಯ ಮೂವತ್ತು ದಾಟಿ, ನಲವತ್ತು ಮುಟ್ಟಿ, ಕತ್ತಲೆಗೆ ಸಿಕ್ಕಿತು. ಗಾರ್ಡು ಸ್ಟೂಲಿನಿಂದ ಇಳಿದು ಕೆಂಪು ಬಾವುಟ ಬಿಚ್ಚಿದರು. "ಮೂವತ್ತು ವರ್ಷ ಸರ್ವೀಸಲ್ಲಿ ಇಂಥ ಗಾಡಿ ನೋಡಿಲ್ಲ. ಇದು ಯಾವ ಸ್ಟೇಷನ್ನೂ ಮುಟ್ಟೋಲ್ಲ. ಗೆಲ್ಲೋ ಆಸೆ ಇಲ್ಲದವರಿಗೆ ಗೆಲುವು ಕೊಡೋ ಅಧಿಕಾರ ನನಗಿಲ್ಲ. ಇಬ್ಬರೂ ಸೋತಿದ್ದೀರಿ. ಮನೆಗೆ ನಡೀರಿ."

ಇಬ್ಬರು ಹುಡುಗಿಯರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಆಮೇಲೆ ಚೂಟಿ ನೇರ ಅಂಗಡಿಯಾತನ ಹತ್ತಿರ ಬಂದಳು. "ಅಂಕಲ್, ನಾನು ಸೋತೆ. ಗಾರ್ಡ್ ತಾತನೇ ಹೇಳಿದ್ರಲ್ಲ."

ಆಚೆ ಬದಿಯಲ್ಲಿ ಅವನ ಮಗಳು, "ಆಂಟಿ, ನಾನೂ ಸೋತೆ," ಎನ್ನುತ್ತಿದ್ದಳು.

ಹಿರಿಯರಿಬ್ಬರ ಮುಖವೂ ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತವರ ಮುಖದಂತಾಗಿತ್ತು. ಹೀಗೆ ಒಂದೇ ಸೋಲಿಗೆ ಕೂಲಿಂಗ್ ಗ್ಲಾಸು, ಡಬ್ಬಿ, ಕನ್ನಡಿ, ಹಲಗೆ ಮೇಲಿನ ಮನೆಗೆ ಹೋದವು. ಬಾಯಿ ತೆರೆದು ಮುಚ್ಚುವ ಪ್ಲಾಸ್ಟರ್ ದವಡೆಯೂ, ಕ್ಲಿನಿಕ್ಕಿನ ಏರಿಳಿಯುವ ಕುರ್ಚಿಯಲ್ಲಿ ಬೇಕಾದಾಗ ಕೂರುವ ಹಕ್ಕೂ ಕೆಳಗಿನ ಮನೆಗೆ ಬಂದವು.

ಮನೆಯಲ್ಲಿ ಮಗಳು ದವಡೆಯನ್ನು ಮೇಜಿನ ಮೇಲಿಟ್ಟು ಕಟಕಟ ಎನಿಸುತ್ತಿದ್ದಳು. ಅಪ್ಪ ಎದುರು ಕೂತ.

"ನಿಂಗೂ ಚೂಟಿಗೂ ಮೊದಲೇ ಗೊತ್ತಿತ್ತಾ?"

"ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕಿದ್ಲು. ನೀನು ಅವಳಿಗೆ ಏನು ಕೊಡ್ತೀನಂದೆ, ಅವರಮ್ಮ ನಂಗೆ ಏನು ಕೊಡ್ತೀನಂದಿದ್ರು ಅಂತ ಮಾತಾಡ್ಕೊಂಡ್ವಿ. ಯಾರಾದ್ರೂ ಒಬ್ಬರು ಸೋತ್ರೆ ಒಬ್ಬರಿಗೇ ಸಿಗುತ್ತೆ, ಅದೂ ಒಂದೇ ಸಲ. ಇಬ್ಬರೂ ಅವರವರ ಸರ್ವೀಸನ್ನ ಅವರವರೇ ಕೆಡಿಸಿದ್ರೆ ಎರಡು ಪಾಯಿಂಟ್ ಅಂತರ ಬರೋದೇ ಇಲ್ಲ ಅಪ್ಪ. ಒಂದು ಹೆಚ್ಚು, ಮತ್ತೆ ಸಮ. ಒಂದು ಹೆಚ್ಚು, ಮತ್ತೆ ಸಮ. ಪಂದ್ಯ ಮುಗಿಯೋದೇ ಇಲ್ಲ. ಮುಗಿಯದೆ ಇದ್ರೆ ನೀವಿಬ್ರೂ ಏರಿಸ್ತಾ ಹೋಗ್ತೀರಿ."

ಅಪ್ಪ ಬಿಟ್ಟ ಬಾಯಿ ಮುಚ್ಚಲಿಲ್ಲ. ಮೇಜಿನ ಮೇಲಿನ ದವಡೆಯೇ ವಾಸಿ, ಅದಕ್ಕೆ ಮುಚ್ಚಲು ಬರುತ್ತಿತ್ತು. "ಇಷ್ಟೆಲ್ಲ ಲೆಕ್ಕ ನಿಂಗೆ ಯಾರು ಹೇಳಿಕೊಟ್ಟರು?"

"ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ಅರ್ಥ ಆಯ್ತು."

ಆ ಮಾತು ಕೇಳಿ ಅವನಿಗೆ ಹೊಸ ಹುರುಪು ಬಂತು. ಇಷ್ಟು ತಲೆ ಇರುವ ಹುಡುಗಿ ನಾಳೆ ಪಾಸಾಗದೆ ಎಲ್ಲಿ ಹೋದಾಳು? ಆತ ಗಣಿತದ ಪುಸ್ತಕವನ್ನು ಮೆಲ್ಲಗೆ ಅವಳತ್ತ ಸರಿಸಿದ.

"ಸೋತ್ರೆ ಪುಸ್ತಕದ ಸುದ್ದಿ ಎತ್ತಬಾರದು ಅಂತ ಮಾತಾಗಿತ್ತು," ಎಂದಳು ಮಗಳು.

"ಅದು ಬಿಡು. ನಾಳೆ ಪಾಸಾದರೆ ಸೈಕಲ್ ಕೊಡಿಸ್ತೀನಿ."

"ಮತ್ತೆ ಶುರುವಾಯ್ತು," ಎಂದಳು ಒಳಗಿನಿಂದ ಹೆಂಡತಿ. "ಇವರಿಗೇ ಒಂದು ಮರುಪರೀಕ್ಷೆ ಇಡಬೇಕು."

ಮಗಳು ದವಡೆಯನ್ನು ಮುಚ್ಚಿ ಯೋಚಿಸಿದಳು. "ಸೈಕಲ್ ಚೆನ್ನಾಗಿದೆ. ಆದ್ರೆ ಈಗಲೇ ಹೂಂ ಅನ್ನಲ್ಲ ಅಪ್ಪ. ನಾಳೆ ಪರೀಕ್ಷೆಗೆ ಚೂಟಿನೂ ಕೂರ್ತಾಳೆ. ನಾನು ಫೇಲಾದ್ರೆ ಏನು ಕೊಡ್ತಾರೆ ಅಂತ ಮೇಲಿನ ಮನೆ ಆಂಟಿನ ಒಂದು ಮಾತು ಕೇಳಿ ಬರ್ತೀನಿ."

ಅಪ್ಪ ಏಳುವಷ್ಟರಲ್ಲಿ ಅವಳು ಬಾಗಿಲು ತೆಗೆದಾಗಿತ್ತು. ಹೊಸ್ತಿಲಾಚೆ ಚೂಟಿ ನಿಂತಿದ್ದಳು, ಕರೆಗಂಟೆ ಒತ್ತಲು ಎತ್ತಿದ ಬೆರಳು ಇನ್ನೂ ಹಾಗೇ ಇತ್ತು.

"ಅಂಕಲ್ ಇದಾರಾ?" ಎಂದಳು. "ನಾಳೆ ಪರೀಕ್ಷೆ ವಿಷಯ ಸ್ವಲ್ಪ ಮಾತಾಡೋದಿತ್ತು."