ಮೊಗ್ಗಾಗಿಯೇ ಬಂದ ಲೋಡು

ರಗಳೆಗೆಲ್ಲ ಮೂಲ ಒಂದು ಬಾಳೆಗೊನೆ. ಅದೂ ಅತ್ತೆಯ ಹಿತ್ತಲಿನದು.

"ವ್ಯಾನು ಹೇಗೂ ಪೇಟೆಗೆ ಹೋಗುತ್ತಲ್ಲ ಅಳಿಯಂದ್ರೇ, ದೊಡ್ಡ ಮಗಳ ಮನೆಗೆ ಇದೊಂದು ಮುಟ್ಟಿಸಿಬಿಡಿ."

"ಆಗಲ್ಲ ಅತ್ತೆ. ಮಾಗಿದ ಹಣ್ಣು ಪಕ್ಕದಲ್ಲಿದ್ರೆ ಗುಲಾಬಿ ದಾರೀಲೇ ಅರಳಿಬಿಡುತ್ತೆ."

ಅರಳಿದ ಗುಲಾಬಿಯನ್ನು ಮಾರುಕಟ್ಟೆಯಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಮೇಷ್ಟ್ರ ಮಾವಿನಹಣ್ಣು, ಹೋದ ವಾರ ಎದುರುಮನೆಯಾಕೆಯ ಪಪ್ಪಾಯಿ ವ್ಯಾನು ಹತ್ತಿದ್ದವು. ಎರಡು ಸಲವೂ ಲೋಡು ಹಲ್ಲುಕಿರಿದುಕೊಂಡೇ ಹೋಗಿತ್ತು. ಇನ್ನೊಮ್ಮೆ ಹೀಗಾದರೆ ವ್ಯಾನಿನ ಕೀಲಿ ತನ್ನ ಭಾವಮೈದುನನಿಗೆ ಎಂದು ಹೂದೋಟದ ಯಜಮಾನ ಕಡ್ಡಿ ಮುರಿದಂತೆ ಹೇಳಿದ್ದ. ಡ್ರೈವರ್ ಅಳಿಯನಿಗೆ ಹೂವು ಸಾಗಿಸುವ ಆ ತಂಪು ವ್ಯಾನೆಂದರೆ ಪ್ರಾಣ. ಮದುವೆಗೂ ಮುಂಚಿನ ನಂಟು ಅದು.

"ಒಂದು ಗೊನೆಗೆ ಇಷ್ಟು ಬಿಗುಮಾನವೇ?" ಎಂದರು ಬೇಲಿಯಾಚೆಯಿಂದ ಮೇಷ್ಟ್ರು.

"ಹಣ್ಣೇನು ಹೂವನ್ನ ಕಚ್ಚುತ್ತಾ?" ಎಂದಳು ಎದುರುಮನೆಯಾಕೆ.

"ಬ್ರಹ್ಮ ಬಂದು ಹೇಳಿದ್ರೂ ಇಡಲ್ಲ!" ಎಂದು ಡ್ರೈವರ್ ಸ್ನಾನಕ್ಕೆ ನಡೆದ. ಮಿಂದು ಬಂದವನೇ ವ್ಯಾನಿನ ಬಾಗಿಲು ದಢಾರನೆ ಹಾಕಿ ಹೊರಟೇಬಿಟ್ಟ.

ಅರ್ಧ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಹಿಂದಿನ ಬಾಗಿಲು ತೆರೆದರೆ ಬಾಳೆಹಣ್ಣಿನ ಘಮಘಮ! ಹೂವಿನ ಪೆಟ್ಟಿಗೆಗಳ ಹಿಂದೆ ಗೊನೆ ಹಳೇ ಕಂಬಳಿ ಹೊದ್ದು, ಟಿಕೆಟ್ ಇಲ್ಲದ ಪ್ರಯಾಣಿಕನಂತೆ ಮುದುರಿ ಕೂತಿತ್ತು. ಹೆಂಡತಿಗೆ ಫೋನ್ ಮಾಡಿದ.

"ಅಮ್ಮ ಅತ್ತುಬಿಟ್ರು ಕಣ್ರೀ. ನೀವು ಸ್ನಾನಕ್ಕೆ ಹೋದಾಗ ನಾನೇ ಇಟ್ಟೆ."

"ನಿಮ್ಮಮ್ಮನ ಕಣ್ಣೀರಿಗೆ ನನ್ನ ಕೀಲಿ ಹೋಗಬೇಕಾ?"

ಅವನು ಗೊನೆಯನ್ನು ಹೊತ್ತು ತಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕುಕ್ಕಿದ. "ತಿನ್ರಪ್ಪಾ, ಒಂದೂ ಉಳೀಬಾರದು!" ಚಹಾಕ್ಕೆ ನಿಂತಿದ್ದ ಲಾರಿಯವರು ಸಂಕೋಚಪಡಲಿಲ್ಲ. ಕೊನೆಯ ಹಣ್ಣನ್ನು ಅವನೇ ತಿಂದು, ಸಿಪ್ಪೆಯನ್ನು ದೂರ ಎಸೆದ. ಜನ್ಮದಲ್ಲಿ ಮೊದಲ ಬಾರಿಗೆ ಅತ್ತೆಯನ್ನು ಗೆದ್ದ ಖುಷಿ ಅವನಿಗೆ.

ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರಿಯ ಮುಂದೆ ಎದೆಯುಬ್ಬಿಸಿ ಪೆಟ್ಟಿಗೆ ಬಿಚ್ಚಿದ. ಒಂದೊಂದು ಮೊಗ್ಗೂ ಬಿಗಿದ ಮುಷ್ಟಿಯಂತಿತ್ತು.

"ನೋಡಿ ಸಾರ್! ಒಂದಾದ್ರೂ ಬಾಯಿ ಬಿಟ್ಟಿದೆಯಾ?"

ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತ. "ಅಯ್ಯೋ ಪುಣ್ಯಾತ್ಮ! ಇವತ್ತು ಸಂಜೆ ಹೋಟೆಲಿನ ಸಮಾರಂಭಕ್ಕೆ ಪೂರ್ತಿ ಅರಳಿದ್ದೇ ಬೇಕು. ಬೆಳಿಗ್ಗೆ ನಿಮ್ಮ ಯಜಮಾನರಿಗೆ ಫೋನ್ ಮಾಡಿದ್ದೆ."

"ಏನಂದ್ರು?"

"'ಯೋಚನೆ ಬಿಡಿ, ನಮ್ಮ ಡ್ರೈವರ್ ಹೊರಟಾಗಿದೆ, ಅವನು ತಂದ್ರೆ ಅರಳಿಯೇ ಬರುತ್ತೆ' ಅಂದ್ರು!"

ಡ್ರೈವರನ ಕೈ ತಾನಾಗಿ ಕೀಲಿಯ ಜೇಬನ್ನು ಒತ್ತಿಕೊಂಡಿತು. "ನಾನು ತಂದದ್ದೇ ಸರಿ ಸಾರ್. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ!"

"ಆಮೇಲೆ ಹೇಳುವೆಯಂತೆ. ಮೊದಲು ಎಲ್ಲಿಂದಾದ್ರೂ ಒಂದು ಗೊನೆ ಮಾಗಿದ ಬಾಳೆಹಣ್ಣು ತಾ. ಹೂವಿನ ಜೊತೆ ಕೋಣೇಲಿ ಕೂಡಿಹಾಕಿದ್ರೆ ಸಂಜೆಗೆ ಒಂದಿಷ್ಟಾದ್ರೂ ಅರಳೀತು."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅತ್ತೆ.

"ಅಳಿಯಂದ್ರೇ, ಗೊನೆ ಜೋಪಾನವಾಗಿದೆ ತಾನೇ?"